ಚೀಲದೊಳಗಿನ ಮಣ್ಣನ್ನು ಕೇಳೋರು ಯಾರು?

2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದು ಬಂದು ಪದ್ಮಶ್ರೀ ತಗೊಂಡ ಆ ಅಜ್ಜಿ ನೆನಪಿದ್ದಾರಲ್ವಾ? ಅಂಕೋಲಾ ತಾಲೂಕು ಹೊನ್ನಳ್ಳಿಯ ತುಳಸಿ ಗೌಡ, ಹಾಲಕ್ಕಿ ಒಕ್ಕಲಿಗರ ಮಗಳು. 2024ರ ಡಿಸೆಂಬರ್ 16ರಂದು ತೀರಿಹೋದರು. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ, ಕಣ್ಣೀರೂ ಹಾಕಿದ್ವಿ. ಆದರೆ ಅವರು ಮಾಡಿದ ಕೆಲಸ ಏನು ಅಂತ ಕೇಳಿದ್ವಾ? ಅರಣ್ಯ ಇಲಾಖೆಯ ನರ್ಸರಿಯಲ್ಲಿ ವರ್ಷಗಟ್ಟಲೆ ದಿನಗೂಲಿಗೆ ದುಡಿದು ಸಸಿ ಬೆಳೆಸಿದರು.

ಮರದ ಹಣೆಬರಹ ಅರ್ಧ ಬರೆಯೋದು ಅಲ್ಲೇ. ವನಮಹೋತ್ಸವದ ಗುಂಡಿಯಲ್ಲಲ್ಲ, ನರ್ಸರಿಯ ಚೀಲದಲ್ಲಿ.

ನೋಡಿ, ಚೀಲಕ್ಕೆ ಸಾಮಾನ್ಯವಾಗಿ ತುಂಬೋದು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ. ಕೇಳೋಕೆ ಸುಲಭ. ಆದರೆ ಕರಾವಳಿಯ ಮಳೆಗೆ ಮರಳು ಕಡಿಮೆಯಾದರೆ ಮಣ್ಣು ಬಿಗಿದು, ನೀರು ನಿಂತು, ಬೇರು ಕೊಳೆಯುತ್ತೆ. ಕಾರವಾರದಲ್ಲಿ ಮರಳಿಗೇನು ಬರ ಅಂತ ಕಡಲ ದಂಡೆಯದ್ದು ತುಂಬಿದರೆ, ಉಪ್ಪು ಸಸಿಯನ್ನೇ ಸುಡುತ್ತೆ. ಗೊಬ್ಬರ ಚೆನ್ನಾಗಿ ಕಳಿಯದಿದ್ದರೆ ಗೊಣ್ಣೆ ಹುಳು ಬಂದು ಬೇರು ತಿನ್ನುತ್ತೆ.

ಮಣ್ಣೇ ಬೇಡ, ತೆಂಗಿನ ನಾರಿನ ಪುಡಿ ಹಾಕೋಣ ಅಂತೀರಾ? ಒಳ್ಳೇದೇ. ಹಗುರ, ತೇವ ಹಿಡಿಯುತ್ತೆ. ಆದರೆ ತೊಳೆದು ಉಪ್ಪಿನಂಶ ತೆಗೀಬೇಕು. ಅದರಲ್ಲಿ ಗಿಡಕ್ಕೆ ಊಟ ಇಲ್ಲ, ಕಾಂಪೋಸ್ಟ್ ಬೆರೆಸಲೇಬೇಕು.

ಇನ್ನೊಂದು ಮಾತು. ಸಸಿ ಚೀಲದಲ್ಲಿ ಹೆಚ್ಚು ದಿನ ಉಳಿದರೆ ಬೇರು ತಳದಲ್ಲಿ ಸುರುಳಿ ಸುತ್ತುತ್ತೆ. ನೆಟ್ಟ ಮೇಲೂ ಆ ಸುರುಳಿ ಬಿಡಲ್ಲ. ಮರ ದೊಡ್ಡದಾಗಿ, ಒಂದು ಗಾಳಿಗೆ ಉರುಳುತ್ತೆ. ಆಗ ಬೈಯೋದು ಗಾಳಿಗೆ!

ಪ್ರತಿ ಜೂನ್ 5ಕ್ಕೆ ಎಷ್ಟು ಸಸಿ ನೆಟ್ಟೆವು ಅಂತ ಲೆಕ್ಕ ಬರುತ್ತೆ, ಫೋಟೋ ಬರುತ್ತೆ. ಸ್ವಾಮಿ, ಮೂರು ವರ್ಷದ ನಂತರ ಎಷ್ಟು ಉಳಿದವು ಹೇಳಿ. ಆ ಸಸಿಗೆ ಯಾವ ಮಣ್ಣು ತುಂಬಿದ್ರಿ, ತುಂಬಿದ ಕೈಗೆ ಎಷ್ಟು ಕೂಲಿ ಕೊಟ್ರಿ, ಅದನ್ನೂ ಹೇಳಿ. ಮಣ್ಣಲ್ಲಿ ಉಳಿಸಿದ ನಾಲ್ಕು ಕಾಸು, ಆಮೇಲೆ ಗುಂಡಿಯಲ್ಲಿ ನಾಲ್ಕು ಪಟ್ಟು ಹೋಗುತ್ತೆ.

ವೀಕ್ಷಕರೇ, ಈ ಮಳೆಗಾಲಕ್ಕೆ ನೀವು ಸಸಿ ತರೋಕೆ ಹೋದರೆ ಬರೀ ಎಲೆ ನೋಡಬೇಡಿ. ಚೀಲ ಒತ್ತಿ ನೋಡಿ, ಕಲ್ಲಿನ ಹಾಗಿದ್ದರೆ ಬಿಟ್ಟುಬಿಡಿ. ತಳ ತಿರುಗಿಸಿ ನೋಡಿ, ಬೇರು ಸುತ್ತಿಕೊಂಡಿದ್ದರೆ ಬೇರೆ ಕೇಳಿ. ನೆಡುವಾಗ ಚೀಲ ಹರಿದು ತೆಗೀರಿ.

ಆ ಅಜ್ಜಿಗೆ ಚಪ್ಪಾಳೆ ಸಾಕು. ಅವರ ಕೆಲಸಕ್ಕೆ ಇನ್ನಾದರೂ ಬೆಲೆ ಕೊಡೋಣ.