ಮರುಭೂಮಿಯಲ್ಲಿ ಕೋಳಿಸಾಕಣೆ



ಮರುಭೂಮಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುವು ಮರಳು, ಒಂಟೆ, ಖರ್ಜೂರದ ಮರ. ಆದರೆ ಇಂದಿನ ಸೌದಿ ಅರೇಬಿಯದ ಮನೆಗಳಲ್ಲಿ ಅನ್ನದೊಡನೆ ಬೇಯುವ ಮಾಂಸವು ಬಹುಮಟ್ಟಿಗೆ ಕೋಳಿಯದೇ. ಹುಲ್ಲಿಲ್ಲದ, ಹೊಳೆಯಿಲ್ಲದ ನಾಡಿನಲ್ಲಿ ಈ ಹಕ್ಕಿ ಹೇಗೆ ಬೆಳೆಯಿತೆಂಬುದನ್ನು ನಾವು ವಿಚಾರಿಸೋಣ.

1970ರ ದಶಕದಲ್ಲಿ ಎಣ್ಣೆಯ ಆದಾಯವು ಹೆಚ್ಚಲು, ಅಲ್ಲಿನ ಸರಕಾರವು ಸಾಲವನ್ನೂ ಸಹಾಯಧನವನ್ನೂ ಕೊಟ್ಟು ಕೃಷಿಯನ್ನು ಪ್ರೋತ್ಸಾಹಿಸಿತು. 1977ರಲ್ಲಿ ಸುಲೈಮಾನ್ ಅಲ್ ರಾಜ್ಹಿಯವರು ಅಲ್ ವತನಿಯ ಎಂಬ ಕೋಳಿಸಾಕಣೆಯ ಸಂಸ್ಥೆಯನ್ನು ಸ್ಥಾಪಿಸಿದರು. ಹಾಲಿನ ವ್ಯಾಪಾರದಿಂದ ಹೆಸರಾದ ಅಲ್ ಮರಾಯ್ ಸಂಸ್ಥೆಯೂ 2009ರಲ್ಲಿ ಈ ಉದ್ಯಮಕ್ಕೆ ಕೈಹಾಕಿತು. ಈಗ ಮೊಟ್ಟೆಯಲ್ಲಿ ಆ ದೇಶವು ಸ್ವಾವಲಂಬಿ. ಮಾಂಸದಲ್ಲಿ ಅರ್ಧಕ್ಕೂ ಮಿಕ್ಕ ಭಾಗ ಅಲ್ಲಿಯೇ ಬೆಳೆದುದು. ಕೊರತೆಯನ್ನು ಬಹುವಾಗಿ ತುಂಬುವುದು ದೂರದ ಬ್ರೆಜಿಲ್.

ಮೊದಲನೆಯ ವೈರಿ ಬಿಸಿಲು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯ್ದೆರೆದು ಏದುವುದೇ ಅದಕ್ಕೆ ತಂಪಿನ ಮುಖ್ಯೋಪಾಯ. ಬೇಸಗೆಯಲ್ಲಿ ಹೊರಗಿನ ಶಾಖವು 45 ಡಿಗ್ರಿಯನ್ನು ಮುಟ್ಟಿದಾಗ ಈ ಉಪಾಯವು ಸಾಲದು. ಆದುದರಿಂದ ಮುಚ್ಚಿದ ಮನೆಗಳನ್ನು ಕಟ್ಟಿ, ಒಂದು ಗೋಡೆಯಲ್ಲಿ ನೀರು ಜಿನುಗುವ ಪದರಗಳನ್ನಿರಿಸಿ, ಎದುರುಗಡೆಯ ದೊಡ್ಡ ಬೀಸಣಿಗೆ ಯಂತ್ರಗಳಿಂದ ಗಾಳಿಯನ್ನು ಸೆಳೆಯುತ್ತಾರೆ. ಒಣ ಹವೆಯಲ್ಲಿ ನೀರು ಬೇಗನೆ ಆವಿಯಾಗಿ ಗಾಳಿ ತಣಿಯುವುದು. ಹೀಗೆ ಒಳನಾಡಿನಲ್ಲಿ ಮರುಭೂಮಿಯ ಶುಷ್ಕತೆಯೇ ಸಹಾಯಕವಾಗುವುದು. ತೇವ ತುಂಬಿದ ಕಡಲ ತೀರದಲ್ಲಿ ಈ ಅನುಕೂಲ ಕಡಮೆ. ಆದರೆ ವಿದ್ಯುತ್ತು ಸ್ವಲ್ಪ ಹೊತ್ತು ನಿಂತರೂ ಸಾವಿರಾರು ಹಕ್ಕಿಗಳು ಸಾಯಬಹುದು.

ಎರಡನೆಯ ತೊಡಕು ಮೇವು. ಒಂದು ಕಿಲೋ ತೂಕ ಬೆಳೆಯಲು ಮಾಂಸದ ಕೋಳಿಗೆ ಒಂದೂವರೆಯಿಂದ ಎರಡು ಕಿಲೋ ಆಹಾರ ಬೇಕು. ಅದರ ಮುಖ್ಯ ಸಾಮಗ್ರಿಗಳಾದ ಮುಸುಕಿನ ಜೋಳವೂ ಸೋಯಾ ಹಿಂಡಿಯೂ ಹಡಗಿನಲ್ಲಿ ಬರತಕ್ಕವು. ಅವನ್ನು ಅಲ್ಲಿಯೇ ಬೆಳೆಯಬಾರದೇಕೆ ಎಂದು ಕೇಳಬಹುದು. ಗೋಧಿಯ ಅನುಭವವೇ ಇದಕ್ಕೆ ಉತ್ತರ. 1990ರ ದಶಕದ ಆರಂಭದಲ್ಲಿ ಆ ನಾಡು ವರ್ಷಕ್ಕೆ ಸುಮಾರು 40 ಲಕ್ಷ ಟನ್ ಗೋಧಿಯನ್ನು ಬೆಳೆದು ಪರದೇಶಗಳಿಗೂ ಕಳುಹಿಸಿತು. ಅದಕ್ಕೆ ಎರೆದ ನೀರು ಸಹಸ್ರಾರು ವರ್ಷಗಳ ಹಿಂದೆ ಭೂಗರ್ಭದಲ್ಲಿ ಸೇರಿದ್ದು. ಮಳೆಯಿಂದ ಮರಳಿ ತುಂಬದು. ಕಡೆಗೆ 2008ರಲ್ಲಿ ಸರಕಾರವು ಆ ಬೇಸಾಯವನ್ನು ಕ್ರಮವಾಗಿ ತಗ್ಗಿಸಲು ನಿಶ್ಚಯಿಸಿತು.

ಹೀಗಿರಲು, ಕೋಳಿ ಸ್ವದೇಶದ್ದಾದರೂ ಅದರ ಕಾಳು ಪರದೇಶದ್ದು. ಪರಾಧೀನತೆಯು ಅಳಿಯಲಿಲ್ಲ, ಮಾಂಸದಿಂದ ಮೇವಿಗೆ ಸರಿಯಿತು. ಆದರೂ ಈ ಪ್ರಯತ್ನವು ವ್ಯರ್ಥವಲ್ಲ. ಕಾಳನ್ನು ತಿಂಗಳುಗಟ್ಟಲೆ ಕಣಜದಲ್ಲಿಡಬಹುದು, ಹಲವು ದೇಶಗಳಿಂದ ಕೊಳ್ಳಬಹುದು. ಕಸಬೂ ಕುಶಲತೆಯೂ ನಾಡಿನಲ್ಲಿ ಉಳಿಯುವುವು. ಸ್ವಾವಲಂಬನವನ್ನು ಅಳೆಯುವಾಗ ನಾವು ಹಕ್ಕಿಗಳನ್ನು ಮಾತ್ರ ಎಣಿಸದೆ, ಅವು ತಿನ್ನುವ ಕಾಳನ್ನೂ ಕುಡಿಯುವ ನೀರನ್ನೂ ಲೆಕ್ಕಕ್ಕೆ ತರಬೇಕು.