ಮಂಜುಗಡ್ಡೆಯ ಮೇಲೊಂದು ಥರ್ಮಾಮೀಟರ್



ಮುಂಬೈಯ ಹವಾಮಾನ ವರದಿಯಲ್ಲಿ ಎರಡು ಅಂಕಿಗಳಿರುತ್ತವೆ. ಒಂದು ಕೊಲಾಬಾದ್ದು, ಇನ್ನೊಂದು ಸಾಂತಾಕ್ರೂಜ್‌ನದು. ನಾನು ಓದಿದ ಮುನ್ಸೂಚನೆ ತಪ್ಪಾದರೆ ನೀವು ಬಿಡುವುದಿಲ್ಲ. "ಏನಮ್ಮಾ, ಮಳೆ ಬರುತ್ತೆ ಅಂದೆ, ಸುಮ್ಮನೆ ಕೊಡೆ ಹೊತ್ತದ್ದೇ ಬಂತು" ಎಂದು ಫೋನ್ ಮಾಡುತ್ತೀರಿ. ಮಾಡಲೇಬೇಕು. ಹೇಳಿದ್ದನ್ನೂ ಆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಾನೆ ಮುನ್ಸೂಚನೆಯ ಬೆಲೆ ತಿಳಿಯುವುದು?

ಹಾಗೆ ಫೋನ್ ಮಾಡುವವರೇ ಇಲ್ಲದ ಜಾಗವೊಂದಿದೆ. ಅದು ಉತ್ತರ ಧ್ರುವ. ಅಲ್ಲಿರುವುದು ನೆಲವಲ್ಲ, ಸಮುದ್ರ. ಅದರ ಮೇಲಿನ ಮಂಜುಗಡ್ಡೆ ಗಾಳಿಗೆ ಸಿಕ್ಕಿ ತೇಲುತ್ತಲೇ ಇರುತ್ತದೆ. ಕೊಲಾಬಾದ ಹಾಗೆ ಕಾಯಂ ವೀಕ್ಷಣಾಲಯ ಕಟ್ಟಲಾಗದು. ಆದರೆ 1979ರಿಂದೀಚೆಗೆ ಆರ್ಕ್‌ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು ಫಿನ್‌ಲೆಂಡಿನ ವಿಜ್ಞಾನಿಗಳು 2022ರಲ್ಲಿ ಲೆಕ್ಕ ಕೊಟ್ಟರು. ಅಷ್ಟು ವೇಗವನ್ನು ಹೆಚ್ಚಿನ ಕಂಪ್ಯೂಟರ್ ಮಾದರಿಗಳು ಹೇಳಿರಲಿಲ್ಲ.

ಹಾಗಾದರೆ ಮಾದರಿ ಸರಿಯೋ ತಪ್ಪೋ ಎಂದು ಅಲ್ಲಿ ನೋಡುವುದು ಹೇಗೆ? ಸಿಕ್ಕಷ್ಟು ಹಳೆಯ ಅಳತೆಗಳನ್ನು ಕಂಪ್ಯೂಟರಿಗೆ ಕೊಟ್ಟು, ನಡುವಿನ ಖಾಲಿ ಜಾಗವನ್ನು ಅದರಿಂದಲೇ ತುಂಬಿಸುತ್ತಾರೆ. ಇದಕ್ಕೆ ಮರುವಿಶ್ಲೇಷಣೆ ಎನ್ನಬಹುದು. ಮಾದರಿಯನ್ನು ಇದರ ಜೊತೆ ಹೋಲಿಸುವುದುಂಟು. ತೊಡಕು ಏನೆಂದರೆ, ಅಳತೆಗಳೇ ಕಡಿಮೆ ಇರುವ ಕಡೆ ಮರುವಿಶ್ಲೇಷಣೆಯೂ ಬಹುಪಾಲು ಕಂಪ್ಯೂಟರಿನ ಊಹೆಯೇ. ಒಬ್ಬ ಹುಡುಗನ ಉತ್ತರಪತ್ರಿಕೆಯನ್ನು ಪಕ್ಕದ ಬೆಂಚಿನವನ ಪತ್ರಿಕೆ ನೋಡಿ ತಿದ್ದಿದ ಹಾಗೆ!

ಅದಕ್ಕೇ ಜನ ಅಲ್ಲಿಗೆ ಹೋಗುತ್ತಾರೆ. 2015ರ ಜನವರಿಯಿಂದ ಜೂನ್‌ವರೆಗೆ ನಾರ್ವೆಯ ವಿಜ್ಞಾನಿಗಳು 'ಲಾನ್ಸ್' ಎಂಬ ಹಡಗನ್ನು ಸ್ವಾಲ್‌ಬಾರ್ಡ್‌ನ ಉತ್ತರಕ್ಕೆ ಮಂಜುಗಡ್ಡೆಯಲ್ಲಿ ಸಿಕ್ಕಿಸಿಕೊಂಡು ತೇಲಿದರು. ಅವರ ಅಳತೆಗಳ ಜೊತೆ ಆರು ಮರುವಿಶ್ಲೇಷಣೆಗಳನ್ನು ಹೋಲಿಸಿ ನೋಡಲಾಯಿತು. ಚಳಿಗಾಲದಲ್ಲಿ ಆರೂ ಥರ್ಮಾಮೀಟರಿಗಿಂತ ಹೆಚ್ಚು ಬಿಸಿ ತೋರಿಸುತ್ತಿದ್ದವು.

ಕಾರಣ ಕೇಳಿ. ಮಂಜುಗಡ್ಡೆಯ ಕೆಳಗಿನ ನೀರು ಸುಮಾರು ಮೈನಸ್ 1.8 ಡಿಗ್ರಿ. ಮೇಲಿನ ಗಾಳಿ ಮೈನಸ್ 30ಕ್ಕೂ ಇಳಿಯಬಹುದು. ನಡುವೆ ಗಡ್ಡೆ, ಅದರ ಮೇಲೆ ಬಿದ್ದ ಹಿಮ. ಈ ಹಿಮ ನಮ್ಮ ಕೌದಿಯಿದ್ದ ಹಾಗೆ. ಒಳಗೆ ಗಾಳಿ ಹಿಡಿದಿಟ್ಟುಕೊಂಡು ನೀರಿನ ಶಾಖ ಮೇಲೆ ಹೋಗದಂತೆ ತಡೆಯುತ್ತದೆ. ಹಲವು ಕಂಪ್ಯೂಟರ್ ಲೆಕ್ಕಗಳಲ್ಲಿ ಗಡ್ಡೆ ಇತ್ತು, ಕೌದಿಯನ್ನೇ ಹಾಸಿರಲಿಲ್ಲ ಎಂದು ನಾರ್ವೆಯ ಇಬ್ಬರು ಸಂಶೋಧಕರು 2019ರಲ್ಲಿ ತೋರಿಸಿದರು. ಹಾಗಾಗಿ ಮೋಡವಿಲ್ಲದ ಚಳಿಯ ರಾತ್ರಿಗಳಲ್ಲಿ ಹಲವು ಡಿಗ್ರಿಗಳ ತಪ್ಪು. ಇಂಥ ಲೆಕ್ಕವನ್ನೇ ಸತ್ಯವೆಂದು ಹಿಡಿದರೆ, ಸರಿಯಾದ ಮಾದರಿಯೂ ತಪ್ಪಾಗಿ ಕಾಣುತ್ತದೆ.

"ಹಾಗಾದರೆ ಭೂಮಿ ಬಿಸಿಯಾಗುತ್ತಿದೆ ಎನ್ನುವುದೂ ಸುಳ್ಳೇ?" ಎಂದು ಕೇಳಬೇಡಿ. ಮಂಜುಗಡ್ಡೆ ಎಷ್ಟು ಹರಡಿದೆ ಎಂಬುದನ್ನು ಉಪಗ್ರಹಗಳು ನೇರವಾಗಿ ನೋಡುತ್ತಿವೆ. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತ್ತು. ಬಿಸಿಯಾಗುತ್ತಿರುವುದು ನಿಜ. ಅದರ ಲೆಕ್ಕ ಎಲ್ಲಿ ತಪ್ಪಿದೆ ಎಂದು ಹುಡುಕಿ ತಿದ್ದಿದರೆ ಮಾತ್ರ ಮುಂದಿನದನ್ನು ನಂಬಬಹುದು.

2019–20ರಲ್ಲಿ ಜರ್ಮನಿಯ 'ಪೋಲಾರ್‌ಸ್ಟರ್ನ್' ಹಡಗು ಇದೇ ಕೆಲಸಕ್ಕೆ ಸುಮಾರು ಒಂದು ವರ್ಷ ಗಡ್ಡೆಯ ಜೊತೆ ತೇಲಿತು. ಸ್ವಾಲ್‌ಬಾರ್ಡ್‌ನ ನೆಲದ ಮೇಲೆ 2008ರಿಂದ ನಮ್ಮ ದೇಶದ 'ಹಿಮಾದ್ರಿ' ಕೇಂದ್ರವೂ ಇದೆ. 2023ರ ಡಿಸೆಂಬರಿನಲ್ಲಿ ಮೊದಲ ಸಲ ಚಳಿಗಾಲಕ್ಕೂ ನಮ್ಮವರು ಅಲ್ಲಿಗೆ ಹೋದರು. ಸೂರ್ಯನೇ ಮೂಡದ ಆ ಕತ್ತಲಲ್ಲಿ ಕೈಗವಸು ಹಾಕಿಕೊಂಡು ಅಂಕಿ ಬರೆದುಕೊಳ್ಳುವವರನ್ನು ಒಮ್ಮೆ ನೆನೆಯಿರಿ.

ನನ್ನ ಮಳೆ ತಪ್ಪಿದರೆ ಫೋನ್ ಮಾಡುವುದನ್ನು ನಿಲ್ಲಿಸಬೇಡಿ.