ಒಂದು ಕ್ಷಿಪಣಿ, ನಾಲ್ಕು ಊರು

(ಚಿತ್ರದುರ್ಗದ ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸ)



2024ರ ಮಾರ್ಚ್ 11ರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ‘ಸಾರ್, ಟಿವಿ ನೋಡಿದ್ರಾ? ಅಗ್ನಿ-5 ಗೆದ್ದಿತು!’ ಎಂದ. ಹಿರಿಯೂರಿನಲ್ಲಿ ಅವನಿಗೆ ವಿಜ್ಞಾನ ಕಲಿಸಿದವನು ನಾನು. ಈಗವನು ರಕ್ಷಣಾ ಸಂಶೋಧನೆಯ ಕೆಲಸದಲ್ಲಿದ್ದಾನೆ. ಹೆಮ್ಮೆಯಾಯಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದು ಒಡಿಶಾ ತೀರದಿಂದ ಹಾರಿದ ಆ ಕ್ಷಿಪಣಿಯ ವಿಶೇಷವೇನು? ಅದೊಂದೇ ಹಲವು ಸಿಡಿತಲೆಗಳನ್ನು ಹೊತ್ತೊಯ್ದು, ಒಂದೊಂದನ್ನು ಬೇರೆ ಬೇರೆ ಗುರಿಯತ್ತ ಬಿಡಬಲ್ಲದು. ಅಮೆರಿಕ ಇಂಥದ್ದನ್ನು 1970ರಲ್ಲೇ ಸೇನೆಗೆ ಸೇರಿಸಿತ್ತು.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ. ಶತ್ರುವಿನಿಂದ ಬರುವುದು ಒಂದೇ ಕ್ಷಿಪಣಿ. ಒಂದು ತಲೆ ಚಿತ್ರದುರ್ಗಕ್ಕೆ, ಒಂದು ಹಿರಿಯೂರಿಗೆ, ಒಂದು ಹೊಸದುರ್ಗಕ್ಕೆ, ಇನ್ನೊಂದು ಹೊಳಲ್ಕೆರೆಗೆ. ಓಬವ್ವ ಒನಕೆ ಹಿಡಿದು ಕಾದದ್ದು ಒಂದು ಕಿಂಡಿಯನ್ನು. ಒಮ್ಮೆಗೇ ನಾಲ್ಕು ಕಿಂಡಿ ತೆರೆದರೆ ಅವಳಾದರೂ ಏನು ಮಾಡಿಯಾಳು? ತಡೆಯುವುದು ಕಷ್ಟವಾದಷ್ಟೂ ಎದುರಾಳಿಗಳಿಬ್ಬರೂ ತಲೆಗಳನ್ನು ಹೆಚ್ಚಿಸುತ್ತಾ ಹೋಗುತ್ತಾರೆ.

1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದದ್ದು ಒಂದೇ ಬಾಂಬು, ಸುಮಾರು 15 ಕಿಲೋಟನ್ ಶಕ್ತಿಯದು. ಆ ವರ್ಷ ಮುಗಿಯುವಷ್ಟರಲ್ಲಿ ಸುಮಾರು 1,40,000 ಜನ ಸತ್ತರು. ಊರಿನ ವೈದ್ಯರು, ದಾದಿಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತರು, ಇಲ್ಲವೇ ಗಾಯಗೊಂಡರು. ಬದುಕಿದವರಿಗೆ ನೆರವು ಬರಬೇಕಾದದ್ದು ಹೊರಗಿನ ಊರುಗಳಿಂದ.

ನಮ್ಮ ಬದುಕೂ ಹಾಗೆಯೇ ನಡೆದಿದೆ. ಹಿರಿಯೂರಿನ ವಾಣಿವಿಲಾಸ ಸಾಗರದ ನೀರನ್ನು ಚಿತ್ರದುರ್ಗ ಕುಡಿಯುತ್ತದೆ. ಹೊಸದುರ್ಗದ ರೋಗಿ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೆ ಬರುತ್ತಾನೆ. ಬರಗಾಲದಲ್ಲಿ ಒಂದೂರಿನ ದನಕ್ಕೆ ಇನ್ನೊಂದೂರಿನ ಮೇವು. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಎದ್ದು ಬರುವುದೇ ದಾಸೋಹದ ತಿರುಳಲ್ಲವೇ? ನಾಲ್ಕೂ ಊರು ಒಂದೇ ಗಳಿಗೆಯಲ್ಲಿ ಉರಿದರೆ ಎದ್ದು ಬರುವವರು ಯಾರು? ಈ ಅಸ್ತ್ರ ಸುಡುವುದು ಊರುಗಳನ್ನು ಮಾತ್ರವಲ್ಲ, ನೆರವಿಗೆ ಓಡಿ ಬರುವ ನೆರೆಯನ್ನೂ.

ದೇಶರಕ್ಷಣೆ ಬೇಡವೆಂದು ನಾನು ಹೇಳುತ್ತಿಲ್ಲ. ನೆರೆಯ ದೇಶಗಳ ಬಳಿ ಅಣ್ವಸ್ತ್ರವಿರುವುದು ನನಗೂ ಗೊತ್ತು. ಆದರೆ ತಾನಾಗಿ ಮೊದಲು ಅಣ್ವಸ್ತ್ರ ಬಳಸುವುದಿಲ್ಲವೆಂದು ನಮ್ಮ ದೇಶ ಮಾತು ಕೊಟ್ಟಿದೆ. 2003ರಲ್ಲಿ ಅದನ್ನು ತನ್ನ ನೀತಿಯಾಗಿ ಸಾರಿದೆ. ಆ ಮಾತು ಉಳಿಯಬೇಕು. ನುಡಿ ನಡೆಯಾಗಲಿ ಎಂದು ಶರಣರು ಕೇಳಿದ್ದು ಒಬ್ಬೊಬ್ಬ ಮನುಷ್ಯನನ್ನು. ದೇಶವನ್ನೂ ಹಾಗೆ ಕೇಳುವ ಹಕ್ಕು ನಮಗಿದೆ. ಮತ ಕೇಳಲು ಬಂದವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ.

ಮರುದಿನ ಆ ಹುಡುಗನಿಗೆ ಫೋನ್ ಮಾಡಿ ನನ್ನ ಸಂಕಟ ಹೇಳಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಸಾರ್, ಅದು ಎಂದೂ ಬೀಳಬಾರದು ಅಂತಲೇ ಮಾಡಿರೋದು’ ಎಂದ. ‘ಮಾಡೋದು ನಿನ್ನ ಕೆಲಸವಾಯಿತು ಮಗಾ. ಬೀಳದಂತೆ ನೋಡಿಕೊಳ್ಳೋದು ನಮ್ಮೆಲ್ಲರ ಕಾಯಕ’ ಎಂದೆ.

ನಿಮಗೆ ಹೇಳಲು ಬಂದದ್ದೂ ಇಷ್ಟೇ.